ಮನೆಯಿಂದ ಬಾಗಿಲವರೆಗೆ: ಶಾಲೆಯ ದಾರಿ, ನ್ಯಾಯದ ದಾರಿ

ಮದೀನಾದಲ್ಲಿ ಒಂದು ಮುಂಜಾವ. ಇನ್ನೂ ಬೆಳಕು ಹರಿದಿರಲಿಲ್ಲ. ಫಜ್ರ್ ನಮಾಝ್‌ಗಾಗಿ ಪ್ರವಾದಿವರ್ಯರು(ಸ) ಹೊರಬಂದಾಗ ಮನೆಯ ಬಾಗಿಲಲ್ಲಿ, ಕತ್ತಲಲ್ಲಿ, ಒಬ್ಬ ಮಹಿಳೆ ನಿಂತಿದ್ದರು. ಯಾರೆಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಆಕೆ ಸಹ್ಲ್‌ರ ಪುತ್ರಿ ಹಬೀಬಾ(ರ). ತಾನೂ ತನ್ನ ಪತಿ ಸಾಬಿತ್ ಬಿನ್ ಕೈಸ್‌ರೂ(ರ) ಇನ್ನು ಒಟ್ಟಿಗೆ ಬಾಳುವುದು ಸಾಧ್ಯವಿಲ್ಲವೆಂದು ಅವರು ಅರಿಕೆ ಮಾಡಿಕೊಂಡರು. ಸಾಬಿತ್(ರ) ಬಂದಾಗ ಪ್ರವಾದಿವರ್ಯರು(ಸ) ಆಕೆಯ ಮಾತನ್ನು ಅವರ ಮುಂದಿಟ್ಟರು. ಪತಿ ಕೊಟ್ಟದ್ದೆಲ್ಲವೂ ತನ್ನ ಬಳಿಯೇ ಇದೆ, ಮರಳಿಸಲು ಸಿದ್ಧಳಿದ್ದೇನೆ ಎಂದು ಹಬೀಬಾ(ರ) ಹೇಳಿದರು. ಅದನ್ನು ಪಡೆದುಕೊಳ್ಳುವಂತೆ ಆದೇಶವಾಯಿತು. ಆಕೆ ತಮ್ಮ ತವರಿಗೆ ಹೋದರು. ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿಯೂ ಅಬೂದಾವೂದ್‌ರ ಸಂಗ್ರಹದಲ್ಲಿಯೂ ಈ ವರದಿಯಿದೆ.

ಮದ್ರಸಗಳಲ್ಲಿ ನಾವು ಈ ಹದೀಸನ್ನು ಖುಲಾದ ಅಧ್ಯಾಯದಲ್ಲಿ ಓದುತ್ತೇವೆ. ಪತ್ನಿಯ ಹಕ್ಕೇನು, ಮಹ್ರ್ ಮರಳಿಸುವ ನಿಯಮವೇನು, ಇದ್ದತ್ ಎಷ್ಟು ಎಂಬ ಚರ್ಚೆಗಳು ಅಲ್ಲಿ ವಿಸ್ತಾರವಾಗಿವೆ. ಆದರೆ ಆ ವರದಿಯಲ್ಲಿ ಇನ್ನೊಂದು ಸಂಗತಿ ಇದೆ. ಅದು ಬಾಗಿಲು. ಒಬ್ಬ ಮಹಿಳೆ, ತನ್ನ ಮನೆಯಿಂದ ನಡೆದು, ಯಾವ ಮಧ್ಯವರ್ತಿಯ ನೆರವೂ ಇಲ್ಲದೆ, ಯಾವ ಶುಲ್ಕವನ್ನೂ ತೆರದೆ, ಹೊತ್ತು ಹುಟ್ಟುವ ಮುನ್ನವೇ ನ್ಯಾಯಾಧಿಪತಿಯ ಹೊಸ್ತಿಲನ್ನು ತಲುಪಿದ್ದರು. ಹಕ್ಕು ಗ್ರಂಥದಲ್ಲಿ ಇದ್ದುದಷ್ಟೇ ಅಲ್ಲ, ಅದರತ್ತ ಹೋಗುವ ದಾರಿಯೂ ತೆರೆದಿತ್ತು.

ಹಕ್ಕು ಇರುವುದು ಬೇರೆ, ಹಕ್ಕನ್ನು ತಲುಪುವುದು ಬೇರೆ. ಇವೆರಡರ ನಡುವೆ ಇರುವ ದೂರದ ಚರಿತ್ರೆಯೇ ಈ ಲೇಖನದ ವಿಷಯ. ಹೆಣ್ಣುಮಗಳ ಮನೆಯಿಂದ ಶಾಲೆಯ ಬಾಗಿಲಿಗೆ ಎಷ್ಟು ದೂರ? ನೊಂದ ಮಹಿಳೆಯ ಮನೆಯಿಂದ ನ್ಯಾಯದ ಬಾಗಿಲಿಗೆ ಎಷ್ಟು ದೂರ? ಇಂದು ಅರ್ಥಶಾಸ್ತ್ರಜ್ಞರೂ ಸಮಾಜಶಾಸ್ತ್ರಜ್ಞರೂ ಅಂಕಿಅಂಶಗಳ ಮೂಲಕ ಇದನ್ನೇ ಅಳೆಯುತ್ತಿದ್ದಾರೆ. ಆದರೆ ಈ ಪ್ರಶ್ನೆ ನಮ್ಮ ಸಮುದಾಯಕ್ಕೆ ಹೊಸದಲ್ಲ. ನಮ್ಮ ಹಿರಿಯರು ಇದನ್ನು ಎದುರಿಸಿದ್ದಾರೆ, ಕೆಲವೆಡೆ ಗೆದ್ದಿದ್ದಾರೆ, ಕೆಲವೆಡೆ ಎಡವಿದ್ದಾರೆ.

ಕೇಳಿ ತಿಳಿದು ಮಾಡಿದ ನಿಯಮ

ಪ್ರವಾದಿವರ್ಯರ(ಸ) ಸಭೆಗಳಲ್ಲಿ ಪುರುಷರೇ ತುಂಬಿರುತ್ತಾರೆ, ತಮಗೆ ಕಲಿಯಲು ಅವಕಾಶ ಸಾಲುತ್ತಿಲ್ಲ ಎಂದು ಮದೀನಾದ ಮಹಿಳೆಯರು ಒಮ್ಮೆ ದೂರಿಕೊಂಡರು. ತಮಗಾಗಿ ಒಂದು ದಿನವನ್ನು ಗೊತ್ತುಪಡಿಸಬೇಕೆಂದು ಕೇಳಿದರು. ಪ್ರವಾದಿವರ್ಯರು(ಸ) ಅದನ್ನು ಒಪ್ಪಿ, ದಿನ ನಿಗದಿ ಮಾಡಿ, ಅಂದು ಅವರಿಗೆ ಬೋಧಿಸಿದರೆಂದು ಬುಖಾರಿಯಲ್ಲಿ ವರದಿಯಾಗಿದೆ. ಕಲಿಕೆ ಎಲ್ಲರಿಗೂ ಮುಕ್ತವಾಗಿಯೇ ಇತ್ತು. ಆದರೆ ಮುಕ್ತವಾಗಿರುವುದು ಮಾತ್ರ ಸಾಲದೆಂದು ಕಂಡಾಗ ಏರ್ಪಾಡು ಬದಲಾಯಿತು. ಆ ಮಹಿಳೆಯರು ಬಂದು ಕೇಳುವ ಧೈರ್ಯ ಮಾಡಿದ್ದು ಒಂದು ಪಾಠವಾದರೆ, ಅವರ ಕೋರಿಕೆಯನ್ನು ಉದ್ಧಟತನವೆಂದು ಭಾವಿಸದೆ ನಡೆಸಿಕೊಟ್ಟದ್ದು ಅದಕ್ಕಿಂತ ದೊಡ್ಡ ಪಾಠ.

ಅದೀ ಬಿನ್ ಹಾತಿಮ್(ರ) ವರದಿ ಮಾಡಿದ ಇನ್ನೊಂದು ಹದೀಸ್ ಕೂಡ ಬುಖಾರಿಯಲ್ಲಿದೆ. ಮುಂದೊಂದು ಕಾಲ ಬರುವುದು. ಆಗ ಇರಾಕಿನ ಹೀರಾದಿಂದ ಹೊರಟ ಮಹಿಳೆಯೊಬ್ಬಳು ಅಲ್ಲಾಹನ ಹೊರತು ಬೇರಾರ ಭಯವೂ ಇಲ್ಲದೆ ಪ್ರಯಾಣಿಸಿ ಕಅಬಾದ ಪ್ರದಕ್ಷಿಣೆ ಮಾಡುವಳು ಎಂದು ಪ್ರವಾದಿವರ್ಯರು(ಸ) ಅವರಿಗೆ ತಿಳಿಸಿದ್ದರು. ಆ ಕಾಲವನ್ನು ತಾನು ಕಣ್ಣಾರೆ ಕಂಡೆನೆಂದು ಅದೀ(ರ) ಮುಂದೆ ಹೇಳಿದ್ದಾರೆ. ಮಹಿಳೆಯ ಪ್ರಯಾಣಕ್ಕೆ ಮಹ್ರಮ್ ಇರಬೇಕೇ ಎಂಬ ಫಿಕ್ಹ್ ಚರ್ಚೆಯಲ್ಲಿ ವಿದ್ವಾಂಸರು ಈ ಹದೀಸನ್ನು ಬಗೆಬಗೆಯಾಗಿ ವಿವರಿಸಿದ್ದಾರೆ. ಆ ಚರ್ಚೆ ಅದರ ಸ್ಥಾನದಲ್ಲಿರಲಿ. ಒಂದು ನಾಡಿನ ಸುಭಿಕ್ಷೆಗೂ ಸುರಕ್ಷೆಗೂ ಪ್ರವಾದಿವರ್ಯರು(ಸ) ಕೊಟ್ಟ ಗುರುತು ಕೋಟೆಯಾಗಲಿ ಸೇನೆಯಾಗಲಿ ಆಗಿರಲಿಲ್ಲ. ದಾರಿಯಲ್ಲಿ ನಿರ್ಭೀತಳಾಗಿ ಸಾಗುವ ಒಬ್ಬ ಹೆಣ್ಣಾಗಿತ್ತು ಎಂಬುದನ್ನು ಮಾತ್ರ ಇಲ್ಲಿ ಗಮನಿಸೋಣ.

ಖಲೀಫಾ ಉಮರ್‌ರ(ರ) ಕಾಲಕ್ಕೆ ಬಂದರೆ, ಆಡಳಿತವು ವಿಚಾರಣೆ ಮಾಡಿ ನಿಯಮ ರೂಪಿಸಿದ ಉದಾಹರಣೆಯೇ ದೊರೆಯುತ್ತದೆ. ರಾತ್ರಿ ಗಸ್ತಿನಲ್ಲಿದ್ದಾಗ ಅವರು ಒಂದು ಮನೆಯೊಳಗಿನಿಂದ ಮಹಿಳೆಯೊಬ್ಬಳ ಅಳಲನ್ನು ಕೇಳಿದರು. ಆಕೆಯ ಪತಿ ದೂರದ ಯುದ್ಧರಂಗದಲ್ಲಿದ್ದ. ಉಮರ್(ರ) ಮಗಳು ಹಫ್ಸಾರ(ರ) ಬಳಿಗೆ ಹೋಗಿ, ಪತಿಯ ಅಗಲಿಕೆಯನ್ನು ಹೆಣ್ಣು ಎಷ್ಟು ಕಾಲ ಸಹಿಸಬಲ್ಲಳು ಎಂದು ಕೇಳಿದರು. ನಾಲ್ಕು ತಿಂಗಳು ಎಂದು ಕೆಲವು ವರದಿಗಳಲ್ಲಿದೆ, ಆರು ಎಂದು ಕೆಲವುಗಳಲ್ಲಿದೆ. ಆ ಉತ್ತರದ ಆಧಾರದಲ್ಲಿ ಸೈನಿಕರನ್ನು ಮನೆಯಿಂದ ದೂರ ಇರಿಸುವ ಅವಧಿಗೆ ಮಿತಿ ಹಾಕಲಾಯಿತು. ದೂರು ಕಿವಿಗೆ ಬಿತ್ತು, ಬಲ್ಲವರನ್ನು ಕೇಳಲಾಯಿತು, ನಿಯಮ ಬದಲಾಯಿತು. ಸಾರ್ವಜನಿಕ ನೀತಿಯ ಸಂಶೋಧನೆ ಎಂದು ಇಂದು ಯಾವುದನ್ನು ಕರೆಯುತ್ತಾರೋ ಅದರ ತಿರುಳು ಈ ಮೂರು ಹೆಜ್ಜೆಗಳಲ್ಲಿದೆ.

ಡೋಲಿ ಮತ್ತು ಬಸ್ಸು

ಈಗ ಹದಿಮೂರು ಶತಮಾನಗಳನ್ನು ದಾಟಿ ಬ್ರಿಟಿಷ್ ಆಳ್ವಿಕೆಯ ಹಿಂದೂಸ್ತಾನಕ್ಕೆ ಬರೋಣ. ಮುಸ್ಲಿಮ್ ಹುಡುಗಿಯರಿಗಾಗಿ ಶಾಲೆ ತೆರೆಯಬೇಕೆಂದು ಹೊರಟವರೆಲ್ಲರೂ ಮೊದಲು ಎದುರಿಸಿದ ಸಮಸ್ಯೆ ಪಠ್ಯಪುಸ್ತಕದ್ದಾಗಿರಲಿಲ್ಲ. ಮಕ್ಕಳನ್ನು ಮನೆಯಿಂದ ಶಾಲೆಗೆ ತರುವುದು ಹೇಗೆ ಎಂಬುದೇ ಆಗಿತ್ತು.

1906ರಲ್ಲಿ ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ವಹೀದ್ ಜಹಾನ್ ಬೇಗಂ ಅಲಿಗಢದಲ್ಲಿ ಬಾಲಕಿಯರ ಶಾಲೆಯನ್ನು ಆರಂಭಿಸಿದರು. ಸಂಭಾವಿತ ಮನೆತನದ ಹುಡುಗಿಯರು ಬೀದಿಯಲ್ಲಿ ನಡೆದು ಬರುವುದನ್ನು ಅಂದಿನ ಸಮಾಜ ಒಪ್ಪುತ್ತಿರಲಿಲ್ಲ. ಆದ್ದರಿಂದ ಪರದೆ ಕಟ್ಟಿದ ಡೋಲಿಗಳಲ್ಲಿ, ಹೊರುವವರ ಹೆಗಲ ಮೇಲೆ, ಮಕ್ಕಳು ಶಾಲೆಗೆ ಬರುತ್ತಿದ್ದರು. ಒಂದೊಂದು ಡೋಲಿಯಲ್ಲಿ ಎಷ್ಟು ಮಕ್ಕಳನ್ನು ತರಲಾದೀತು? ದೂರದ ಮೊಹಲ್ಲಾಗಳ ಹುಡುಗಿಯರ ಪಾಡೇನು? ಬೇರೆ ಊರಿನವರು ಏನು ಮಾಡಬೇಕು? ಈ ಪ್ರಶ್ನೆಗಳಿಗೆ ಆ ದಂಪತಿ ಕಂಡುಕೊಂಡ ಉತ್ತರ ವಿದ್ಯಾರ್ಥಿನಿಲಯ. 1914ರಲ್ಲಿ ಅದು ಆರಂಭವಾಯಿತು. ತಾಯಂದಿರಿಗೆ ಧೈರ್ಯ ಬರಲೆಂದು ವಹೀದ್ ಜಹಾನ್ ಬೇಗಂ ತಾವೇ ಅಲ್ಲಿ ಮಕ್ಕಳೊಡನೆ ನೆಲೆಸಿ ಅವರ ಆರೈಕೆ ನೋಡಿಕೊಂಡರು. ದಾರಿಯನ್ನು ಮೊಟಕುಗೊಳಿಸಲು ಆಗದಿದ್ದಾಗ ಅವರು ದಾರಿಯನ್ನೇ ಇಲ್ಲವಾಗಿಸಿದರು. ಅಂದಿನ ಆ ಪುಟ್ಟ ಶಾಲೆಯೇ ಬೆಳೆದು ಇಂದು ಅಲಿಗಢ ಮುಸ್ಲಿಮ್ ವಿಶ್ವವಿದ್ಯಾಲಯದ ಮಹಿಳಾ ಕಾಲೇಜಾಗಿದೆ.

ಬಂಗಾಳದಲ್ಲಿ ಇದೇ ಕೆಲಸಕ್ಕೆ ಕೈಹಾಕಿದವರು ಬೇಗಂ ರುಕಿಯಾ ಸಖಾವತ್ ಹುಸೈನ್. 1880ರಲ್ಲಿ ರಂಗ್‌ಪುರದ ಪೈರಾಬಂದ್‌ನಲ್ಲಿ ಹುಟ್ಟಿದ ಅವರಿಗೆ ಶಾಲೆಯ ಭಾಗ್ಯವಿರಲಿಲ್ಲ; ರಾತ್ರಿ ಮನೆಯವರು ಮಲಗಿದ ಮೇಲೆ ಅಣ್ಣ ಕಲಿಸಿದ ಅಕ್ಷರಗಳೇ ಅವರ ಬಂಡವಾಳ. ಪತಿ ತೀರಿಕೊಂಡ 1909ರಲ್ಲಿ ಭಾಗಲ್‌ಪುರದಲ್ಲಿ ಐವರು ವಿದ್ಯಾರ್ಥಿನಿಯರೊಂದಿಗೆ ಶಾಲೆ ತೆರೆದರು. ಅಲ್ಲಿ ನಿಲ್ಲಲಾಗದೆ 1911ರ ಮಾರ್ಚ್‌ನಲ್ಲಿ ಕಲ್ಕತ್ತೆಯಲ್ಲಿ ಎಂಟು ಮಕ್ಕಳೊಂದಿಗೆ ಮತ್ತೆ ಆರಂಭಿಸಿದರು. ಅದೇ ಸಖಾವತ್ ಸ್ಮಾರಕ ಬಾಲಕಿಯರ ಶಾಲೆ.

ಆ ಶಾಲೆಯ ಬಸ್ಸಿನ ಕಥೆಯನ್ನು ರುಕಿಯಾ ಅವರು 1931ರಲ್ಲಿ ಪ್ರಕಟವಾದ ‘ಅವರೋಧ್‌ಬಾಸಿನಿ’ ಎಂಬ ಕೃತಿಯಲ್ಲಿ ದಾಖಲಿಸಿದ್ದಾರೆ. ಪರದೆಗೆ ಕಿಂಚಿತ್ತೂ ಭಂಗವಾಗಬಾರದೆಂದು ಬಸ್ಸನ್ನು ಎಲ್ಲ ಕಡೆಯಿಂದಲೂ ಮುಚ್ಚಲಾಗಿತ್ತು. ಗಾಳಿಯಾಡಲು ಸಣ್ಣ ಜಾಲಂಧ್ರ ಮಾತ್ರ. ಒಳಗೆ ಗಾಢ ಕತ್ತಲು, ಉಸಿರುಗಟ್ಟುವ ಸೆಕೆ. ಪುಟ್ಟ ಮಕ್ಕಳು ಹೆದರಿ ಅತ್ತರು, ವಾಂತಿ ಮಾಡಿಕೊಂಡರು, ಕೆಲವರು ಮೂರ್ಛೆ ಹೋದರು. ಪೋಷಕರಿಂದ ದೂರು ಬಂತು. ರುಕಿಯಾ ಅವರು ಕಿಟಕಿಗಳನ್ನು ತೆರೆಸಿ ಬಟ್ಟೆಯ ಪರದೆ ಹಾಕಿಸಿದರು. ಆ ಬಳಿಕ ಬೇರೆ ಬಗೆಯ ಪತ್ರಗಳು ಬಂದವು. ಗಾಳಿಗೆ ಪರದೆ ಹಾರುತ್ತದೆ, ಮಕ್ಕಳು ಕಾಣುತ್ತಾರೆ, ಇದನ್ನು ಸರಿಪಡಿಸದಿದ್ದರೆ ಪತ್ರಿಕೆಗಳಲ್ಲಿ ಬರೆಯುತ್ತೇವೆ ಎಂಬ ಬೆದರಿಕೆ. ಕೆಳಗೆ ಇಸ್ಲಾಮಿನ ಸಹೋದರರು ಎಂಬ ಸಹಿ.

ಈ ಘಟನೆಯನ್ನು ಓದಿ ಅಂದಿನ ಜನರನ್ನು ಹಳಿಯುವುದು ಸುಲಭ. ಆದರೆ ನ್ಯಾಯವಾಗಿ ನೋಡೋಣ. ಆ ಬಸ್ಸನ್ನು ಮುಚ್ಚಿದವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಹುಡುಗಿಯರು ಕಲಿಯಬೇಕು, ಮರ್ಯಾದೆಯೂ ಉಳಿಯಬೇಕು ಎಂಬುದೇ ಅವರ ಇಚ್ಛೆ. ರುಕಿಯಾ ಅವರೂ ಪರದೆಯ ಸಂಪ್ರದಾಯವನ್ನು ಧಿಕ್ಕರಿಸಿ ಶಾಲೆ ನಡೆಸಿದವರಲ್ಲ. ಮಕ್ಕಳು ಬರಬೇಕಾದರೆ ಮನೆಯವರ ವಿಶ್ವಾಸ ಬೇಕೆಂಬುದನ್ನು ಅರಿತವರು. ಆದರೆ ಮುಚ್ಚಿದ ಬಸ್ಸಿನಲ್ಲಿ ಮೂರ್ಛೆ ಹೋದ ಮಗು ಶಾಲೆಯನ್ನು ತಲುಪಿತೆಂದು ಹೇಳಲಾಗದು. ಕರ್ಮಗಳಿಗೆ ಅಲ್ಲಾಹನ ಬಳಿ ಪ್ರತಿಫಲ ಸಿಗುವುದು ನಿಯ್ಯತ್ತಿನ ಮೇಲೆ, ನಿಜ. ಆದರೆ ಸಮುದಾಯಕ್ಕಾಗಿ ಮಾಡುವ ಏರ್ಪಾಡನ್ನು ನಾವು ಪರೀಕ್ಷಿಸಬೇಕಾದದ್ದು ಬೇರೊಂದು ಪ್ರಶ್ನೆಯಿಂದ: ಯಾರಿಗಾಗಿ ಅದನ್ನು ಮಾಡಿದೆವೋ ಅವರು ತಲುಪಿದರೇ?

ಖಾಝಿಯ ಬಾಗಿಲು ಮುಚ್ಚಿದಾಗ

ಶಾಲೆಯ ದಾರಿಗೆ ಡೋಲಿಯನ್ನೋ ಬಸ್ಸನ್ನೋ ಕಟ್ಟಬಹುದು. ನ್ಯಾಯದ ಬಾಗಿಲೇ ಇಲ್ಲವಾದರೆ?

ಬ್ರಿಟಿಷ್ ಸರಕಾರ 1864ರ ಕಾನೂನಿನ ಮೂಲಕ, ಖಾಝಿಗಳನ್ನು ಸರಕಾರವೇ ನೇಮಿಸುತ್ತಿದ್ದ ಹಳೆಯ ಏರ್ಪಾಡನ್ನು ಕೊನೆಗೊಳಿಸಿತು. ಜನರ ಒತ್ತಾಯದಿಂದ 1880ರ ಖಾಝಿ ಕಾಯಿದೆ ಬಂದರೂ ಆ ಖಾಝಿಗೆ ನ್ಯಾಯ ತೀರ್ಮಾನದ ಅಧಿಕಾರ ಇರಲಿಲ್ಲ. ನಿಕಾಹ್ ಮುಂತಾದ ವಿಧಿಗಳಿಗೆ ಮಾತ್ರ ಅವರ ಉಪಸ್ಥಿತಿ. ಇದರ ಹೊರೆ ಹೆಚ್ಚಾಗಿ ಬಿದ್ದದ್ದು ಮಹಿಳೆಯರ ಮೇಲೆ. ಪುರುಷನಿಗೆ ತಲಾಕ್‌ಗಾಗಿ ನ್ಯಾಯಾಲಯ ಬೇಕಿರಲಿಲ್ಲ. ಆದರೆ ಪತಿ ಒಪ್ಪದಿದ್ದಾಗ ವಿವಾಹವನ್ನು ರದ್ದುಗೊಳಿಸುವ ಫಸ್ಖ್‌ಗೆ ಖಾಝಿಯ ತೀರ್ಪು ಅನಿವಾರ್ಯ. ಖಾಝಿ ಇಲ್ಲದ ಮೇಲೆ ಆ ಹಕ್ಕು ಗ್ರಂಥದಲ್ಲಿ ಉಳಿಯಿತು, ಬದುಕಿನಿಂದ ಕಣ್ಮರೆಯಾಯಿತು.

ಸರಕಾರಿ ನ್ಯಾಯಾಲಯಗಳು ಹನಫಿ ಗ್ರಂಥಗಳ ಅಭಿಪ್ರಾಯವನ್ನು ಅನುಸರಿಸುತ್ತಿದ್ದವು. ಕಾಣೆಯಾದ ಪತಿಯ ವಿಷಯದಲ್ಲಿ ಆ ಗ್ರಂಥಗಳ ಪ್ರಸಿದ್ಧ ಅಭಿಪ್ರಾಯದಂತೆ, ಅವನ ಓರಗೆಯವರೆಲ್ಲ ತೀರಿಕೊಳ್ಳುವಷ್ಟು ಕಾಲ ಪತ್ನಿ ಕಾಯಬೇಕಾಗಿತ್ತು. ಬಿಟ್ಟುಹೋದ ಪತಿ, ಜೀವನಾಂಶ ಕೊಡದ ಪತಿ, ಸೆರೆಮನೆಯಲ್ಲಿರುವ ಪತಿ ಇದ್ದ ಮಹಿಳೆಯರಿಗೂ ಬಿಡುಗಡೆಯ ದಾರಿ ಕಾಣಲಿಲ್ಲ. ಪರಿಣಾಮ ದಾರುಣವಾಗಿತ್ತು. ಪಂಜಾಬ್ ಮೊದಲಾದೆಡೆ ಕೆಲವು ಮಹಿಳೆಯರು ಮದುವೆಯ ಬಂಧನದಿಂದ ಹೊರಬರುವುದಕ್ಕಾಗಿಯೇ ಇಸ್ಲಾಮನ್ನು ತೊರೆದೆವೆಂದು ಘೋಷಿಸತೊಡಗಿದರು. ಧರ್ಮತ್ಯಾಗದಿಂದ ವಿವಾಹ ರದ್ದಾಗುತ್ತದೆಂಬ ನಿಯಮವೊಂದೇ ಅವರಿಗೆ ತೆರೆದಿದ್ದ ಬಾಗಿಲು.

ಈ ಸುದ್ದಿ ಮೌಲಾನಾ ಅಶ್ರಫ್ ಅಲಿ ಥಾನವಿ ಅವರನ್ನು ಕಲಕಿತು. ಅವರು ಸಂಪ್ರದಾಯನಿಷ್ಠ ಹನಫಿ ವಿದ್ವಾಂಸರು. ಆ ಮಹಿಳೆಯರನ್ನು ಖಂಡಿಸಿ ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ ಅವರು ತಮ್ಮ ಶಿಷ್ಯರೊಂದಿಗೆ ವಿಚಾರಣೆಗೆ ಕುಳಿತರು. ಮದೀನಾದ ಮಾಲಿಕಿ ವಿದ್ವಾಂಸರಿಗೆ ಪ್ರಶ್ನೆಗಳನ್ನು ಬರೆದು ಫತ್ವಾಗಳನ್ನು ತರಿಸಿಕೊಂಡರು. 1930ರ ದಶಕದ ಆರಂಭದಲ್ಲಿ ‘ಅಲ್ ಹೀಲತುನ್ನಾಜಿಝಾ’ ಎಂಬ ಗ್ರಂಥ ಹೊರಬಂತು. ಇಂಥ ಸಂಕಟದ ಸಂದರ್ಭಗಳಲ್ಲಿ ಮಾಲಿಕಿ ಮದ್‌ಹಬ್‌ನ ಅಭಿಪ್ರಾಯವನ್ನು ಅನುಸರಿಸಬಹುದೆಂದೂ, ಮುಸ್ಲಿಮ್ ಖಾಝಿ ಇಲ್ಲದಲ್ಲಿ ಧರ್ಮನಿಷ್ಠ ಮುಸ್ಲಿಮರ ಪಂಚಾಯತಿ ಆ ಕೆಲಸ ಮಾಡಬಹುದೆಂದೂ ಅದು ಪ್ರತಿಪಾದಿಸಿತು. ಕಾಣೆಯಾದವನ ಪತ್ನಿಗೆ ನಾಲ್ಕು ವರ್ಷಗಳ ಕಾಯುವಿಕೆ ಎಂಬ ಮಾಲಿಕಿ ನಿಯಮದ ಮೂಲ ಎಲ್ಲಿದೆ ಗೊತ್ತೇ? ರಾತ್ರಿ ಗಸ್ತಿನಲ್ಲಿ ಹೆಣ್ಣಿನ ಅಳಲಿಗೆ ಕಿವಿಗೊಟ್ಟ ಅದೇ ಉಮರ್‌ರ(ರ) ತೀರ್ಪಿನಲ್ಲಿ. ಮುವತ್ತಾದಲ್ಲಿ ಅದು ವರದಿಯಾಗಿದೆ.

ಕೇಂದ್ರ ಶಾಸನಸಭೆಯಲ್ಲಿ ಖಾಝಿ ಮುಹಮ್ಮದ್ ಅಹ್ಮದ್ ಕಾಝ್ಮಿ ಅವರು ಮಂಡಿಸಿದ ಮಸೂದೆ 1939ರಲ್ಲಿ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯಿದೆಯಾಯಿತು. ಪತಿ ನಾಲ್ಕು ವರ್ಷ ಕಾಣೆಯಾದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ, ಏಳು ವರ್ಷ ಅಥವಾ ಹೆಚ್ಚಿನ ಸೆರೆವಾಸಕ್ಕೆ ಗುರಿಯಾದರೆ, ಕ್ರೌರ್ಯ ನಡೆಸಿದರೆ, ಹೀಗೆ ಹಲವು ಕಾರಣಗಳಿಗಾಗಿ ಪತ್ನಿ ನ್ಯಾಯಾಲಯದಿಂದ ವಿವಾಹ ವಿಸರ್ಜನೆ ಪಡೆಯುವ ಅವಕಾಶ ದೊರೆಯಿತು. ಧರ್ಮತ್ಯಾಗ ಮಾತ್ರದಿಂದಲೇ ವಿವಾಹ ರದ್ದಾಗದೆಂದೂ ಕಾಯಿದೆ ಹೇಳಿತು. ಇಂತಹ ಮೊಕದ್ದಮೆಗಳನ್ನು ಮುಸ್ಲಿಮ್ ನ್ಯಾಯಾಧೀಶರೇ ಕೇಳಬೇಕೆಂಬ ಮೂಲ ಮಸೂದೆಯ ಅಂಶ ಕೈಬಿಟ್ಟುಹೋದುದರಿಂದ ಹಲವು ಉಲಮಾಗಳಿಗೆ ಅಸಮಾಧಾನ ಉಳಿಯಿತು. ಆದರೂ ಒಂದು ಮಾತು ಸತ್ಯ. ಹೆಣ್ಣುಮಕ್ಕಳು ಮನೆಯ ಹಿಂಬಾಗಿಲಿನಿಂದ ಹೊರಟುಹೋಗುತ್ತಿದ್ದಾಗ ಒಬ್ಬ ಆಲಿಮ್ ಮುಂಬಾಗಿಲು ಏಕೆ ಮುಚ್ಚಿದೆ ಎಂದು ಕೇಳಿದರು. ಆ ಪ್ರಶ್ನೆಯ ಫಲವನ್ನು ನಮ್ಮ ಸಹೋದರಿಯರು ಇಂದಿಗೂ ಪಡೆಯುತ್ತಿದ್ದಾರೆ.

ಸೈಕಲ್ಲು ಹೇಳಿದ ಲೆಕ್ಕ

ಸ್ವಾತಂತ್ರ್ಯಾನಂತರ ಈ ಪ್ರಶ್ನೆಗಳು ಸರಕಾರದ ಯೋಜನೆಗಳಾದವು. ಯೋಜನೆಗಳು ಘೋಷಣೆಯಾಗುತ್ತವೆ, ಹಣ ಖರ್ಚಾಗುತ್ತದೆ. ಯಾರು ತಲುಪಿದರು ಎಂದು ಎಣಿಸಿ ನೋಡುವ ಸಂಶೋಧನೆ ಮಾತ್ರ ತಡವಾಗಿ ಬಂತು.

2006ರಲ್ಲಿ ಬಿಹಾರ ಸರಕಾರ ಒಂಬತ್ತನೆಯ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಡುವ ಯೋಜನೆಯನ್ನು ಆರಂಭಿಸಿತು. ಪ್ರಾಥಮಿಕ ಶಾಲೆ ಊರಲ್ಲೇ ಇರುತ್ತದೆ, ಪ್ರೌಢಶಾಲೆ ದೂರದಲ್ಲಿರುತ್ತದೆ. ಹುಡುಗಿ ದೊಡ್ಡವಳಾಗುವ ವಯಸ್ಸಿಗೇ ದಾರಿಯೂ ಉದ್ದವಾಗುತ್ತದೆ. ಅಲ್ಲಿಗೆ ಓದು ನಿಲ್ಲುತ್ತದೆ. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಈ ಯೋಜನೆಯ ಫಲವನ್ನು ಅಧ್ಯಯನ ಮಾಡಿದರು. ಅದು 2017ರಲ್ಲಿ ಪ್ರಕಟವಾಯಿತು.

ಅವರ ವಿಧಾನವನ್ನು ತಿಳಿಯುವುದು ಉಪಯುಕ್ತ. ಆ ವರ್ಷಗಳಲ್ಲಿ ಬಿಹಾರದಲ್ಲಿ ರಸ್ತೆಗಳು ಸುಧಾರಿಸುತ್ತಿದ್ದವು, ಶಾಲೆಗಳಿಗೆ ಶಿಕ್ಷಕರು ಬರುತ್ತಿದ್ದರು. ಹುಡುಗಿಯರ ಸಂಖ್ಯೆ ಹೆಚ್ಚಿದ್ದು ಸೈಕಲ್ಲಿನಿಂದಲೋ ಇತರ ಕಾರಣಗಳಿಂದಲೋ? ಇದನ್ನು ಬೇರ್ಪಡಿಸಲು ಅವರು ಬಿಹಾರದ ಹುಡುಗಿಯರನ್ನು ಸೈಕಲ್ ಸಿಗದಿದ್ದ ಹುಡುಗರೊಡನೆ ಹೋಲಿಸಿದರು. ಬಳಿಕ ಆ ಅಂತರವನ್ನು 2000ದವರೆಗೆ ಬಿಹಾರದ ಭಾಗವೇ ಆಗಿದ್ದ ಝಾರ್ಖಂಡ್‌ನ ಅಂತರದೊಡನೆ ಹೋಲಿಸಿದರು. ಫಲಿತಾಂಶ: ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣದಲ್ಲಿ ಶೇ. 32ರಷ್ಟು ಏರಿಕೆ, ಹುಡುಗ-ಹುಡುಗಿಯರ ನಡುವಿನ ಅಂತರದಲ್ಲಿ ಶೇ. 40ರಷ್ಟು ಇಳಿಕೆ. ಈ ಏರಿಕೆ ಹೆಚ್ಚಾಗಿ ಕಂಡದ್ದು ಪ್ರೌಢಶಾಲೆಯಿಂದ ದೂರವಿದ್ದ ಹಳ್ಳಿಗಳಲ್ಲಿ. ಅಂದರೆ ಹೆತ್ತವರು ಹೆಣ್ಣುಮಕ್ಕಳ ಓದಿನ ವಿರೋಧಿಗಳಾಗಿದ್ದರು ಎಂಬುದಕ್ಕಿಂತ ದಾರಿಗೆ ಅಂಜುತ್ತಿದ್ದರು ಎಂಬುದೇ ಹೆಚ್ಚು ಸರಿ. ಹುಡುಗಿಯರು ಗುಂಪಾಗಿ ಸೈಕಲ್ ತುಳಿದು ಹೊರಟಾಗ ಸಮಯವೂ ಉಳಿಯಿತು, ಭಯವೂ ತಗ್ಗಿತು.

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತ ಹುಡುಗಿಯರ ಸಂಖ್ಯೆಯಲ್ಲಿ ಆದ ಏರಿಕೆ ಶೇ. 18, ಉತ್ತೀರ್ಣರಾದವರ ಸಂಖ್ಯೆಯಲ್ಲಿ ಶೇ. 12. ದಾರಿ ತೆರೆದರೆ ಮಕ್ಕಳು ಬರುತ್ತಾರೆ. ಬಂದವರಿಗೆ ಕಲಿಸುವ ಕೆಲಸವನ್ನು ಸೈಕಲ್ಲು ಮಾಡಲಾರದು. ಅದು ಶಿಕ್ಷಕರ ಹೊಣೆ.

ದಾರಿಯ ಭಯ ಪಟ್ಟಣದ ಕಾಲೇಜು ಹುಡುಗಿಯರನ್ನೂ ಬಿಟ್ಟಿಲ್ಲ. ದೆಹಲಿಯ ವಿದ್ಯಾರ್ಥಿಗಳ ಆಯ್ಕೆಗಳನ್ನು ಅಧ್ಯಯನ ಮಾಡಿದ ಗಿರಿಜಾ ಬೋರ್ಕರ್ ಅವರು, ಸುರಕ್ಷಿತ ದಾರಿಗಾಗಿ ಹುಡುಗಿಯರು ತಮ್ಮ ಅಂಕಗಳಿಗೆ ಸಿಗಬಹುದಾಗಿದ್ದ ಉತ್ತಮ ಕಾಲೇಜನ್ನು ಬಿಟ್ಟು ಅದಕ್ಕಿಂತ ಕೆಳಮಟ್ಟದ್ದನ್ನು ಆರಿಸಿಕೊಳ್ಳುತ್ತಾರೆಂದು ತೋರಿಸಿದ್ದಾರೆ. ಬೀದಿಯಲ್ಲಿ ಕಿರುಕುಳ ಕೊಡುವವನು ಒಂದು ಕ್ಷಣದ ಪಾಪ ಮಾಡುವುದಿಲ್ಲ; ಒಬ್ಬಳ ಇಡೀ ಭವಿಷ್ಯದಿಂದ ಒಂದು ಪಾಲನ್ನು ಕದಿಯುತ್ತಾನೆ. ನಮ್ಮ ಗಂಡುಮಕ್ಕಳಿಗೆ ಈ ಮಾತನ್ನು ಹೇಳಿಕೊಡಬೇಕಾದವರು ನಾವೇ. ಮುಸ್ಲಿಮ್ ಸಮುದಾಯದ ಸ್ಥಿತಿಗತಿ ಕುರಿತ 2006ರ ಸಾಚಾರ್ ಸಮಿತಿಯ ವರದಿ ಕೂಡ, ನಮ್ಮ ವಸತಿ ಪ್ರದೇಶಗಳಲ್ಲಿ ಪ್ರಾಥಮಿಕ ಹಂತದ ಮೇಲಿನ ಶಾಲೆಗಳು, ಅದರಲ್ಲೂ ಬಾಲಕಿಯರ ಶಾಲೆಗಳು ಮತ್ತು ವಿದ್ಯಾರ್ಥಿನಿಲಯಗಳು ವಿರಳವಾಗಿರುವುದನ್ನು ಎತ್ತಿ ಹೇಳಿತ್ತು. ಹೆಣ್ಣುಮಗಳ ಓದು ನಿಂತಾಗಲೆಲ್ಲ ಅದನ್ನು ಧರ್ಮದ ಲೆಕ್ಕಕ್ಕೆ ಬರೆಯುವವರು ಶಾಲೆಯ ದೂರವನ್ನು ಒಮ್ಮೆ ಅಳೆಯುವುದು ಒಳಿತು.

ಠಾಣೆಯ ಹೊಸ್ತಿಲು

ಹಬೀಬಾರಿಗೆ(ರ) ಬಾಗಿಲು ತಟ್ಟುವ ಅಗತ್ಯವೂ ಬೀಳಲಿಲ್ಲ. ಇಂದು ಹೊಡೆತ ತಿಂದ ಮಹಿಳೆಗೆ ಮೊದಲ ಬಾಗಿಲು ಪೊಲೀಸ್ ಠಾಣೆ. ಅಲ್ಲಿಗೆ ಹೋಗಲು ಆಕೆ ಬಸ್ಸಿನ ಹಣ ಹೊಂದಿಸಬೇಕು, ಮನೆಯವರ ಕಣ್ಣು ತಪ್ಪಿಸಬೇಕು. ಹೋದ ಮೇಲೂ ಅಪರಿಚಿತ ಪುರುಷರ ಮುಂದೆ ತನ್ನ ಗೋಳನ್ನು ಬಿಚ್ಚಿಡಬೇಕು. ಇದನ್ನು ಸುಗಮಗೊಳಿಸಲೆಂದೇ 1973ರಲ್ಲಿ ಕೇರಳದ ಕೋಝಿಕ್ಕೋಡ್‌ನಲ್ಲಿ ದೇಶದ ಮೊದಲ ಮಹಿಳಾ ಪೊಲೀಸ್ ಠಾಣೆ ತೆರೆಯಿತು. ಬಳಿಕ ಬೇರೆ ರಾಜ್ಯಗಳೂ ಅದನ್ನು ಅನುಸರಿಸಿದವು.

ಇವು ಫಲ ಕೊಟ್ಟವೇ? ಸೊಫಿಯಾ ಅಮರಾಲ್, ಸೋನಿಯಾ ಭಲೋತ್ರಾ ಮತ್ತು ನಿಶಿತ್ ಪ್ರಕಾಶ್ ಅವರ ಅಧ್ಯಯನವು, ಮಹಿಳಾ ಠಾಣೆ ತೆರೆದ ನಗರಗಳಲ್ಲಿ ಮಹಿಳೆಯರ ಮೇಲಿನ ಅಪರಾಧಗಳ ದಾಖಲಾತಿ ಹೆಚ್ಚಿದ್ದನ್ನು ಗುರುತಿಸಿತು. ಅಪರಾಧ ಹೆಚ್ಚಿತೆಂದು ಇದರ ಅರ್ಥವಲ್ಲ. ಮುಚ್ಚಿಹೋಗುತ್ತಿದ್ದ ದೂರುಗಳು ಹೊರಬಂದವು ಎಂದರ್ಥ. ಆದರೆ ಹರಿಯಾಣದ ಠಾಣೆಗಳ ದಾಖಲೆಗಳನ್ನು ಪರಿಶೀಲಿಸಿದ ನಿರ್ವಿಕಾರ್ ಜಸ್ಸಲ್ ಅವರ 2020ರ ಅಧ್ಯಯನ ಬೇರೊಂದು ಮುಖ ತೋರಿಸಿತು. ಮಹಿಳಾ ಠಾಣೆ ಬಂದ ಮೇಲೆ ಸಾಮಾನ್ಯ ಠಾಣೆಗಳು ಮಹಿಳೆಯರನ್ನು ಅಲ್ಲಿಗೇ ಹೋಗಿ ಎಂದು ಸಾಗಹಾಕತೊಡಗಿದವು. ಹತ್ತಿರದ ಬಾಗಿಲು ಮುಚ್ಚಿತು, ದೂರದ ಬಾಗಿಲು ಉಳಿಯಿತು. ಆಕೆಯ ಪ್ರಯಾಣ ಉದ್ದವಾಯಿತು. ಅಲ್ಲಿಯೂ ಪ್ರಕರಣ ದಾಖಲಾಗುವ ಬದಲು ರಾಜಿಯ ಮಾತೇ ಹೆಚ್ಚಾಯಿತು.

ಮಧ್ಯಪ್ರದೇಶ ಮೂರನೆಯ ದಾರಿಯನ್ನು ಪ್ರಯತ್ನಿಸಿತು. ಬೇರೆ ಠಾಣೆ ಕಟ್ಟದೆ, ಇರುವ ಠಾಣೆಯೊಳಗೇ ಮಹಿಳೆಯರಿಗಾಗಿ ಪ್ರತ್ಯೇಕ ಸಹಾಯ ಕೇಂದ್ರ. 180 ಠಾಣೆಗಳಲ್ಲಿ ನಡೆದ ಈ ಪ್ರಯೋಗದ ಫಲಿತಾಂಶ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೇಂದ್ರವಿದ್ದ ಠಾಣೆಗಳಲ್ಲಿ, ವಿಶೇಷವಾಗಿ ಅದನ್ನು ಮಹಿಳಾ ಅಧಿಕಾರಿಯೇ ನಡೆಸಿದಲ್ಲಿ, ಮಹಿಳೆಯರ ದೂರುಗಳು ಹೆಚ್ಚಾಗಿ ದಾಖಲಾದವು.

ಈ ಮೂರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ರುಕಿಯಾ ಅವರ ಬಸ್ಸು ನೆನಪಾಗದಿರದು. ಮಹಿಳೆಯರಿಗೆಂದೇ ಮಾಡಿದ ಪ್ರತ್ಯೇಕ ಏರ್ಪಾಡು ದಾರಿಯೂ ಆಗಬಹುದು, ಗೋಡೆಯೂ ಆಗಬಹುದು. ಮದೀನಾದಲ್ಲಿ ಮಹಿಳೆಯರಿಗೆ ಪ್ರತ್ಯೇಕ ದಿನ ದೊರೆತಾಗ ಮಸೀದಿಯ ಬಾಗಿಲು ಅವರಿಗೆ ಮುಚ್ಚಲಿಲ್ಲ; ಅದು ಇದ್ದುದಕ್ಕೆ ಸೇರಿತು. ಹರಿಯಾಣದಲ್ಲಿ ಹೊಸದು ಬಂದುದು ಹಳೆಯದನ್ನು ಕಿತ್ತುಕೊಳ್ಳಲು ನೆಪವಾಯಿತು. ಪ್ರತ್ಯೇಕತೆ ಸರಿಯೋ ತಪ್ಪೋ ಎಂದು ವಾದಿಸುವ ಮೊದಲು ಆ ಏರ್ಪಾಡಿನಿಂದ ಆಕೆಯ ನಡಿಗೆ ಕಡಿಮೆಯಾಯಿತೋ ಹೆಚ್ಚಾಯಿತೋ ಎಂದು ನೋಡಬೇಕು.

ನಮ್ಮ ಮಹಲ್ಲಿನ ಅಳತೆ

ನಮ್ಮ ರಾಜ್ಯದಲ್ಲಿ 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ. ಕಾಲೇಜಿಗೆ ಹೋಗುವ ಹುಡುಗಿಗೂ ನ್ಯಾಯಾಲಯದ ತಾರೀಕಿಗೆ ಹೋಗುವ ತಾಯಿಗೂ ಇದು ದೊಡ್ಡ ಆಸರೆ. ಆದರೆ ಖಾಸಗಿ ಬಸ್ಸುಗಳೇ ಹೆಚ್ಚಾಗಿ ಓಡುವ ಕರಾವಳಿಯ ಹಲವು ಮಾರ್ಗಗಳಲ್ಲಿ ಈ ಸೌಲಭ್ಯ ಕೈಗೆಟುಕುವುದಿಲ್ಲ. ಟಿಕೆಟ್ ಉಚಿತವಾದರೂ ಬಸ್ಸೇ ಬಾರದ ಊರಿಗೆ ಅದರಿಂದ ಪ್ರಯೋಜನವಿಲ್ಲ.

ಕಾನೂನಿನಲ್ಲಿಯೂ ದೂರವನ್ನು ಕುಗ್ಗಿಸುವ ಅವಕಾಶಗಳಿವೆ. ನಮ್ಮ ಮನೆಗಳಲ್ಲಿ ಅವು ಅಷ್ಟಾಗಿ ತಿಳಿದಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಗೆ, ಆಕೆಯ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಅರ್ಹತೆ ಇದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಡಿ ಆಕೆ ತಾತ್ಕಾಲಿಕವಾಗಿ ವಾಸವಿರುವ ಊರಿನ ಮ್ಯಾಜಿಸ್ಟ್ರೇಟರ ಮುಂದೆಯೂ ಅರ್ಜಿ ಹಾಕಬಹುದು. ಜೀವನಾಂಶದ ಅರ್ಜಿಯನ್ನೂ ಪತ್ನಿ ತಾನು ವಾಸಿಸುವ ಜಿಲ್ಲೆಯಲ್ಲೇ ಸಲ್ಲಿಸಬಹುದು. ಗಂಡನ ಊರಿಗೆ ಅಲೆಯಬೇಕಿಲ್ಲ. ತವರಿಗೆ ಮರಳಿ ಬಂದ ಮಗಳಿಗೆ ಇಷ್ಟನ್ನು ತಿಳಿಸುವುದೂ ಒಂದು ಸದಕಾ.

ಜಮಾಅತ್‌ಗಳು ಮಾಡಬಹುದಾದ ಕೆಲಸಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಮಹಲ್ಲಿನಲ್ಲಿ ಎಷ್ಟು ಹೆಣ್ಣುಮಕ್ಕಳು ಏಳನೆಯ ತರಗತಿ ದಾಟಿದರು, ಎಷ್ಟು ಮಂದಿ ಎಸ್ಸೆಸ್ಸೆಲ್ಸಿಯ ಬಳಿಕ ಮನೆಯಲ್ಲಿ ಉಳಿದರು, ಉಳಿದದ್ದೇಕೆ ಎಂದು ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ ಬರೆದಿಡಬಹುದು. ಉತ್ತರ ‘ದೂರ’ ಎಂದಾದರೆ ನಾಲ್ಕು ಮನೆಗಳು ಸೇರಿ ಒಂದು ವ್ಯಾನು ಗೊತ್ತುಮಾಡಬಹುದು, ಬಸ್ಸಿಗಾಗಿ ಅರ್ಜಿ ಕೊಡಬಹುದು. ಮಸೀದಿಯ ಆಡಳಿತ ಸಮಿತಿಯ ಮುಂದೆ ಕುಟುಂಬದ ವ್ಯಾಜ್ಯ ಬಂದಾಗ ಮಹಿಳೆಯ ಮಾತನ್ನು ಆಕೆಯ ಬಾಯಿಂದಲೇ ಕೇಳುವ ಕ್ರಮ ಬರಬೇಕು. ಮಹಿಳೆ ನೇರವಾಗಿ ಮಾತನಾಡಲು ಸಂಕೋಚಪಟ್ಟರೆ ಕೇಳಿಸಿಕೊಳ್ಳಲು ತಿಳಿವಳಿಕೆಯುಳ್ಳ ಮಹಿಳೆಯರನ್ನು ಸಮಿತಿ ಗೊತ್ತುಪಡಿಸಬೇಕು. ತಂದೆಯೋ ಅಣ್ಣನೋ ಬಂದು ಹೇಳಿದ್ದು ಆಕೆಯ ಮಾತಾಗುವುದಿಲ್ಲ. ತೀರ್ಮಾನ ತನ್ನಿಂದಾಗದು ಎಂದು ಕಂಡಾಗ ಸಮಿತಿಯೇ ಆಕೆಗೆ ನ್ಯಾಯಾಲಯದ ದಾರಿ ತೋರಿಸಬೇಕು. ಅದಕ್ಕೆ ಅಡ್ಡ ನಿಲ್ಲಬಾರದು.

ಪವಿತ್ರ ಕುರ್‌ಆನಿನ 58ನೆಯ ಅಧ್ಯಾಯ ಆರಂಭವಾಗುವುದೇ ಮಹಿಳೆಯೊಬ್ಬಳ ಅಹವಾಲನ್ನು ಅಲ್ಲಾಹನು ಕೇಳಿದನೆಂಬ ಮಾತಿನಿಂದ. ಆಕೆ ಸಅಲಬಾರ ಪುತ್ರಿ ಖೌಲಾ(ರ). ಪತಿಯ ಅನ್ಯಾಯದ ಮಾತಿನ ವಿರುದ್ಧ ಪ್ರವಾದಿವರ್ಯರ(ಸ) ಬಳಿ ಅವರು ವಾದಿಸುತ್ತಿದ್ದಾಗ, ಅದೇ ಮನೆಯಲ್ಲಿದ್ದ ಆಯಿಶಾರಿಗೂ(ರ) ಆ ಮೆಲುದನಿಯ ಮಾತುಗಳೆಲ್ಲ ಕೇಳಿಸಿರಲಿಲ್ಲ. ವರ್ಷಗಳ ಬಳಿಕ, ವೃದ್ಧೆಯಾದ ಖೌಲಾ(ರ) ದಾರಿಯಲ್ಲಿ ಖಲೀಫಾ ಉಮರ್‌ರನ್ನು(ರ) ತಡೆದು ಉಪದೇಶ ಮಾಡತೊಡಗಿದರು. ಉಮರ್(ರ) ತಲೆಬಾಗಿ ನಿಂತು ಕೇಳಿದರು. ಜೊತೆಗಿದ್ದವರು ಅಚ್ಚರಿಪಟ್ಟಾಗ, ಏಳು ಆಕಾಶಗಳ ಮೇಲಿನಿಂದ ಅಲ್ಲಾಹನು ಯಾರ ಮಾತನ್ನು ಕೇಳಿದನೋ ಅವರ ಮಾತನ್ನು ತಾನು ಕೇಳದಿರುವುದು ಹೇಗೆ ಎಂಬ ಅರ್ಥದಲ್ಲಿ ಉತ್ತರಿಸಿದರು.

ಅಲ್ಲಾಹನನ್ನು ತಲುಪಲು ನೊಂದವಳ ಮೊರೆಗೆ ದೂರವೆಂಬುದಿಲ್ಲ. ನಮ್ಮ ಶಾಲೆ, ನಮ್ಮ ಸಮಿತಿ, ನಮ್ಮ ಠಾಣೆ, ನಮ್ಮ ನ್ಯಾಯಾಲಯಗಳಿಗೆ ಮಾತ್ರ ಆಕೆ ಇನ್ನೂ ಬಹುದೂರ ನಡೆಯಬೇಕಾಗಿದೆ. ಆ ದಾರಿಯಲ್ಲಿ ಒಂದು ಕಲ್ಲನ್ನಾದರೂ ಬದಿಗೆ ಸರಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.